ಸಂಕ್ರಾಂತಿಗೇ ಮುಗಿಯುವ ಗುರಿಗಳು: ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಪ್ರಶ್ನೆಗೆ ಉತ್ತರ

ಪ್ರಶ್ನೆ:

ಮೇಡಂ, ನನಗೆ 42 ವರ್ಷ. ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಎರಡು ಹಸು. ವರ್ಷಕ್ಕೆ ಆರು ಬೆಳೆ ಹುಳ ಸಾಕುತ್ತೇವೆ, ಅದರಲ್ಲಿ ಒಂದು ಸಾಮಾನ್ಯವಾಗಿ ಕೈ ಕೊಡುತ್ತದೆ. ಬೆಳೆ ಚೆನ್ನಾಗಿ ಬಂದರೆ ಖರ್ಚೆಲ್ಲ ಕಳೆದು 25ರಿಂದ 30 ಸಾವಿರ ಉಳಿಯುತ್ತದೆ. ಮನೆ ಖರ್ಚು, ಮಕ್ಕಳ ಫೀಸು ಡೈರಿ ದುಡ್ಡಿನಲ್ಲಿ ಹೇಗೋ ಸಾಗುತ್ತದೆ.

ಪ್ರತಿ ಜನವರಿ 1ರಂದು ನೋಟ್‌ಬುಕ್ಕಿನಲ್ಲಿ ಗುರಿ ಬರೆಯುತ್ತೇನೆ. ಕಳೆದ ಸಲ 11 ಬರೆದಿದ್ದೆ. ದಿನಾ ಬೆಳಿಗ್ಗೆ 5ಕ್ಕೆ ವಾಕಿಂಗ್, 10 ಕೆಜಿ ತೂಕ ಇಳಿಸುವುದು, ತಿಂಗಳಿಗೆ 10,000 ಉಳಿತಾಯ, ಮ್ಯೂಚುವಲ್ ಫಂಡಿಗೆ 2,000 ಎಸ್‌ಐಪಿ, ಸಾಲ ಪೂರ್ತಿ ತೀರಿಸುವುದು, ಚಿಂತಾಮಣಿಯಲ್ಲಿ ಒಂದು ಸೈಟು, ಮೊಬೈಲ್ ಕಡಿಮೆ ಮಾಡುವುದು, ಮಕ್ಕಳ ಮೇಲೆ ರೇಗದಿರುವುದು, ಹೀಗೆ. ಸಂಕ್ರಾಂತಿ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಸಾಲದ ವಿಷಯ: ಅಪ್ಪನ ಆಪರೇಷನ್‌ಗೆ ತೆಗೆದ ಕೈಸಾಲ 1.5 ಲಕ್ಷ, ಮೂರು ರೂಪಾಯಿ ಬಡ್ಡಿ. ಹೆಂಡತಿಯ ಒಡವೆ ಬ್ಯಾಂಕಿನಲ್ಲಿಟ್ಟು 2 ಲಕ್ಷ. ಒಂದು ಲಕ್ಷದ ಚೀಟಿ, ತಿಂಗಳಿಗೆ 5,000ದಂತೆ 20 ತಿಂಗಳು. 8 ಕಂತು ಕಟ್ಟಿದ್ದೇನೆ, ಇನ್ನೂ ಎತ್ತಿಲ್ಲ. ಕೈಸಾಲ ಎಷ್ಟು ಅಂತ ಮನೆಯಲ್ಲಿ ಸರಿಯಾಗಿ ಗೊತ್ತಿಲ್ಲ.

ತೂಕ 82 ಕೆಜಿ, ಎತ್ತರ 5 ಅಡಿ 6 ಇಂಚು. ಮೂರು ತಿಂಗಳ ಶುಗರ್ ಟೆಸ್ಟ್ 6.1 ಬಂದಿದೆ, ಡಾಕ್ಟರ್ ಬಾರ್ಡರ್ ಅಂದರು. ಸ್ನೇಹಿತರೊಬ್ಬರು ತೂಕ ಇಳಿಸುವ ಪುಡಿ ತಗೊಳ್ಳಿ ಅನ್ನುತ್ತಿದ್ದಾರೆ, ತಿಂಗಳಿಗೆ 4,000. ಬೆಂಗಳೂರಿನಲ್ಲಿರುವ ಭಾಮೈದ ಆಪ್‌ನಲ್ಲಿ ಷೇರು ಪೇಟೆಯ ಆಪ್ಷನ್ ಟ್ರೇಡಿಂಗ್ ಕಲಿತರೆ ಒಂದೇ ವರ್ಷಕ್ಕೆ ಸಾಲ ತೀರುತ್ತೆ ಅನ್ನುತ್ತಾನೆ. 21 ದಿನ ಬಿಡದೆ ಮಾಡಿದರೆ ಯಾವುದಾದರೂ ಅಭ್ಯಾಸ ಆಗುತ್ತದೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ನನಗೆ 12ನೇ ದಿನಕ್ಕೇ ತಪ್ಪಿತು. ನನ್ನಲ್ಲಿ ಛಲ ಇಲ್ಲವಾ? ಈ ವರ್ಷ ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೊದಲು ಛಲದ ಮಾತು ಮುಗಿಸೋಣ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಕೊನೆಯ ಏಳೆಂಟು ದಿನಗಳಲ್ಲೇ ಹೋಗುತ್ತದೆ. ಕತ್ತಲಲ್ಲಿ ಎದ್ದು ಸೊಪ್ಪು ಕತ್ತರಿಸುತ್ತೀರಿ, ಹೊರುತ್ತೀರಿ, ರಾತ್ರಿ ಇನ್ನೊಮ್ಮೆ ಹಾಕುತ್ತೀರಿ. ಮದುವೆ ಇರಲಿ, ಜಾತ್ರೆ ಇರಲಿ, ಹುಳಕ್ಕೆ ಸೊಪ್ಪು ತಪ್ಪುವುದಿಲ್ಲ. ಇಷ್ಟನ್ನು ವರ್ಷಕ್ಕೆ ಆರು ಸಲ ಮಾಡುವವರಿಗೆ ಛಲ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಹಾಗಾದರೆ ಅದೇ ಮನುಷ್ಯ ಜನವರಿ 12ಕ್ಕೆ ವಾಕಿಂಗ್ ಯಾಕೆ ಬಿಟ್ಟ? ಬಹುಶಃ ಆ ವಾರ ನಿಮ್ಮ ಮನೆಯಲ್ಲಿ ಹುಳ ಸೊಪ್ಪಿಗೆ ಜೋರಾಗಿತ್ತು. ನಿಮ್ಮ ಪಟ್ಟಿ ಓದಿದಾಗ ನನಗೆ ಅನ್ನಿಸಿದ್ದು ಇದು. ಈ ಗುರಿಗಳೆಲ್ಲ ತಿಂಗಳ ಸಂಬಳದವರಿಗೆ ಮಾಡಿದವು. ದಿನಾ ಇಷ್ಟು ಹೊತ್ತಿಗೆ ವಾಕಿಂಗ್, ತಿಂಗಳಿಗೆ ಇಷ್ಟು ಉಳಿತಾಯ. ದಿನ ದಿನವೂ ಒಂದೇ ಥರ ಇರುವವರಿಗೆ, ಒಂದನೇ ತಾರೀಕು ದುಡ್ಡು ಬರುವವರಿಗೆ ಇದು ಸರಿ. ನಿಮಗೆ ದುಡ್ಡು ಬರುವುದು ಗೂಡು ಮಾರಿದ ದಿನ. ನಿಮಗೆ ಬಿಡುವು ಸಿಗುವುದು ಗೂಡು ಬಿಡಿಸಿ, ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದು, ಮುಂದಿನ ಚಾಕಿ ಹುಳ (ಮರಿ ಹುಳ) ಬರುವವರೆಗೆ. ನಾನು ಬ್ಯಾಂಕಿನಲ್ಲಿದ್ದಾಗಲೂ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೈತರಿಗೆ ತಿಂಗಳ ಕಂತಿನ ಉಳಿತಾಯ ಖಾತೆ ಮಾಡಿಸಿ, ಮೂರನೇ ತಿಂಗಳಿಗೆ ಅದು ನಿಂತುಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಜನ ಸೋಮಾರಿಗಳಾಗಿರಲಿಲ್ಲ. ತಾರೀಕು ತಪ್ಪಾಗಿತ್ತು.

ಇನ್ನು 21 ದಿನದ ಕಥೆ. ಇದು 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬರೆದ ಮಾತಿನಿಂದ ಹುಟ್ಟಿದ್ದು. ಆಪರೇಷನ್ ಆದ ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ 21 ದಿನ ಬೇಕು ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಬರುವಾಗ 'ಕಡಿಮೆ ಅಂದರೂ' ಬಿದ್ದುಹೋಯಿತು. ಮುಖದ ಜಾಗಕ್ಕೆ ಅಭ್ಯಾಸ ಬಂತು. ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು. 96 ಜನ 12 ವಾರ ತಮಗೆ ಬೇಕಾದ ಒಂದೊಂದು ಅಭ್ಯಾಸ ಮಾಡಿದರು. ಅದು ತಾನಾಗಿ ಆಗುವಂತಾಗಲು ಹಿಡಿದದ್ದು ಮಧ್ಯದ ಲೆಕ್ಕದಲ್ಲಿ 66 ದಿನ. ಕೆಲವರಿಗೆ 18, ಕೆಲವರಿಗೆ 254 ಆಗುತ್ತದೆ ಎಂದು ಲೆಕ್ಕ ಬಂತು. ನಿಮಗೆ ಬೇಕಾದ ವಿಷಯ ಇನ್ನೊಂದಿದೆ: ಮಧ್ಯೆ ಒಂದು ದಿನ ತಪ್ಪಿದ್ದರಿಂದ ಏನೂ ಹಾಳಾಗಲಿಲ್ಲ. 12ನೇ ದಿನ ತಪ್ಪಿತು, 13ನೇ ದಿನ ಹೋಗಿದ್ದರೆ ಆಗುತ್ತಿತ್ತು. ನೀವು ಬಿಟ್ಟದ್ದು ವಿಡಿಯೊ ಹೇಳಿದ ಲೆಕ್ಕ ಕೆಟ್ಟಿತು ಅಂತ.

ಗುರಿ ಬರೆದಿಟ್ಟ ನೂರಕ್ಕೆ 3 ಜನ ಮಿಕ್ಕ 97 ಜನರಿಗಿಂತ ಹೆಚ್ಚು ದುಡ್ಡು ಮಾಡಿದರು ಎಂಬ ಯೇಲ್ ವಿಶ್ವವಿದ್ಯಾಲಯದ 1953ರ ಅಧ್ಯಯನದ ಕಥೆಯನ್ನೂ ಇದೇ ವಿಡಿಯೊಗಳಲ್ಲಿ ಕೇಳಿರುತ್ತೀರಿ. ಅಂಥ ಅಧ್ಯಯನ ನಡೆದೇ ಇಲ್ಲ. ಬರೆಯಬೇಡಿ ಅಂತಲ್ಲ. ಬರೆದ ಮಾತ್ರಕ್ಕೆ ಏನೂ ಆಗುವುದಿಲ್ಲ, ಅಷ್ಟೆ.

ಹೊಸ ವರ್ಷದ ಗುರಿಯೇ ಸುಳ್ಳು ಅನ್ನುವವರ ಮಾತನ್ನೂ ನಂಬಬೇಡಿ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೊಸ ವರ್ಷಕ್ಕೆ ನಿರ್ಧಾರ ಮಾಡಿದವರಲ್ಲಿ ನೂರಕ್ಕೆ 46 ಜನ ಆರು ತಿಂಗಳಾದರೂ ಅದನ್ನು ಉಳಿಸಿಕೊಂಡಿದ್ದರು. ಅದೇ ಆಸೆ ಇದ್ದೂ ನಿರ್ಧಾರ ಮಾಡದವರಲ್ಲಿ 4 ಜನ. 2014ರಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳಿದ್ದು, ಜನ ಜಿಮ್ಮಿಗೆ ಹೋಗುವುದು ವರ್ಷದ ಆರಂಭದಲ್ಲಿ ಮಾತ್ರವಲ್ಲ, ವಾರದ, ತಿಂಗಳ ಆರಂಭದಲ್ಲೂ ಜಾಸ್ತಿ ಆಗುತ್ತದೆ ಎಂದು. ಅಂದರೆ ಯಾವುದೇ ಶುರು ಒಂದು ಅವಕಾಶ. ಜನವರಿ 1 ತಪ್ಪಿದವರು ಯುಗಾದಿವರೆಗೆ ಕಾಯಬೇಕು ಅಂದುಕೊಳ್ಳುತ್ತಾರೆ. ನಿಮಗೆ ಚಾಕಿ ಹುಳ ಮನೆಗೆ ಬರುವ ದಿನ ವರ್ಷಕ್ಕೆ ಆರು ಸಲ ಬರುತ್ತದೆ. ನಿಮ್ಮ ಗುರಿಗಳನ್ನೆಲ್ಲ ಆ ಲೆಕ್ಕಕ್ಕೆ ತಿರುಗಿಸಿ ಬರೆಯಿರಿ ಎನ್ನುವುದೇ ನನ್ನ ಸಲಹೆ.

ಈಗ ದುಡ್ಡು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ಒಂದು ಬೆಳೆಗೆ ಸರಾಸರಿ 28,000 ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಐದು ಒಳ್ಳೆ ಬೆಳೆಗೆ 1,40,000. ಅದರಲ್ಲಿ ಚೀಟಿಗೆ ವರ್ಷಕ್ಕೆ 60,000. ಮೂರು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ 3, ವರ್ಷಕ್ಕೆ 36. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 4,500, ವರ್ಷಕ್ಕೆ 54,000. ಒಡವೆ ಸಾಲದ ಬಡ್ಡಿ ನೀವು ಬರೆದಿಲ್ಲ. ನೂರಕ್ಕೆ 10 ಅಂತ ಹಿಡಿದರೆ 20,000. ಮೂರೂ ಸೇರಿ 1,34,000. ವರ್ಷದ ಕೊನೆಗೆ ನಿಮ್ಮ ಕೈಲಿ ಉಳಿಯುವುದು 6,000. ಚೀಟಿಯ ಲಾಭಾಂಶದಲ್ಲಿ ಕಂತು ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಸದ್ಯ ಲೆಕ್ಕಕ್ಕೆ ಹಿಡಿಯುವುದು ಬೇಡ.

ಈ ಪರಿಸ್ಥಿತಿಯಲ್ಲಿ ತಿಂಗಳಿಗೆ 10,000 ಉಳಿಸುತ್ತೇನೆ, ಅಂದರೆ ವರ್ಷಕ್ಕೆ 1,20,000, ಎಂದು ಬರೆದಿದ್ದೀರಿ. ಆ ದುಡ್ಡು ಎಲ್ಲೂ ಇರಲೇ ಇಲ್ಲ. ಇಲ್ಲದ್ದನ್ನು ಉಳಿಸಲಾಗಲಿಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಂಡಿದ್ದೀರಿ. ಎಸ್‌ಐಪಿಯ ಕಥೆಯೂ ಇದೇ. ತಿಂಗಳಿಗೆ 2,000ದಂತೆ ಹಾಕಿ, ವರ್ಷಕ್ಕೆ ನೂರಕ್ಕೆ 12ರಂತೆ ಬೆಳೆಯಿತು ಅಂತಲೇ ಇಟ್ಟುಕೊಳ್ಳಿ. ಮೊದಲ ವರ್ಷ ಸಿಗುವ ಲಾಭ ಸುಮಾರು 1,600. ಅದೇ ವರ್ಷ ಕೈಸಾಲಕ್ಕೆ ಹೋಗುವ ಬಡ್ಡಿ 54,000. ಎಸ್‌ಐಪಿ ಕೆಟ್ಟದ್ದಲ್ಲ, ಅದರ ಸರದಿ ಇನ್ನೂ ಬಂದಿಲ್ಲ. ನೂರಕ್ಕೆ 36ರ ಸಾಲ ತೀರಿಸುವುದೆಂದರೆ ನೂರಕ್ಕೆ 36 ಲಾಭ ಖಚಿತವಾಗಿ ಸಿಕ್ಕಂತೆ. ಅಂಥ ಖಚಿತ ಲಾಭ ಬೇರೆ ಎಲ್ಲೂ ಇಲ್ಲ.

ಹಾಗಾಗಿ ಈ ವರ್ಷದ ದುಡ್ಡಿನ ಗುರಿ ಒಂದೇ ಇರಲಿ: ಕೈಸಾಲ. ದಾರಿಗಳು ಮೂರಿವೆ.

ಒಂದು, ಚೀಟಿ ಎತ್ತುವುದು. ಬಹಳ ಜನ ಕೊನೆವರೆಗೆ ಕಾದರೆ ಲಾಭ ಅನ್ನುತ್ತಾರೆ. ಸಾಲ ಇಲ್ಲದವರಿಗೆ ಅದು ನಿಜ. ನಿಮ್ಮ ಲೆಕ್ಕ ನೋಡಿ. ನೂರಕ್ಕೆ 20 ಕಳೆದು ಕೂಗಿದರೆ ಈಗ ಕೈಗೆ 80,000 ಬರುತ್ತದೆ. ಕೊನೆವರೆಗೆ ಕಾದರೆ, ಚೀಟಿ ನಡೆಸುವವರ ಕಮಿಷನ್ ನೂರಕ್ಕೆ 5 ಹೋಗಿ 95,000. ಬೇಗ ಎತ್ತಿದ್ದಕ್ಕೆ ನಷ್ಟ 15,000. ಆ 80,000ದಲ್ಲಿ 10,000 ಪಕ್ಕಕ್ಕಿಟ್ಟು 70,000 ಕೈಸಾಲಕ್ಕೆ ಕಟ್ಟಿದರೆ, ಉಳಿದ 12 ತಿಂಗಳಲ್ಲಿ ಉಳಿಯುವ ಬಡ್ಡಿ 25,200. ಎತ್ತುವುದೇ ಮೇಲು. ಕೂಗು ಜೋರಾಗಿ ನೂರಕ್ಕೆ 30ರವರೆಗೆ ಹೋದರೆ ಲಾಭ ಉಳಿಯುವುದಿಲ್ಲ. ಆಗ ಒಂದೆರಡು ತಿಂಗಳು ಕಾಯಿರಿ. ಎತ್ತಿದ ಮೇಲೆ ಜಾಮೀನು ಕೇಳುತ್ತಾರೆ, ಕಂತು ತಪ್ಪುವಂತಿಲ್ಲ. ಇದರ ಅಪಾಯ ಅಷ್ಟೇ.

ನಿಮ್ಮ ಚೀಟಿ ನೋಂದಣಿ ಆಗಿದೆಯೋ, ಊರಲ್ಲಿ ಗೊತ್ತಿರುವವರು ನಡೆಸುವುದೋ, ನೀವು ಹೇಳಿಲ್ಲ. ನೋಂದಣಿ ಆಗಿದ್ದರೆ 1982ರ ಚೀಟಿ ನಿಧಿ ಕಾಯ್ದೆ ಅನ್ವಯ ಆಗುತ್ತದೆ, ಒಪ್ಪಂದದ ಪ್ರತಿ ನಿಮ್ಮ ಹತ್ತಿರ ಇರಬೇಕು. 2019ರ ತಿದ್ದುಪಡಿಯ ಮೇಲೆ ಕಮಿಷನ್ ನೂರಕ್ಕೆ 7ರವರೆಗೂ ಇರಬಹುದು, ಒಪ್ಪಂದದಲ್ಲಿ ನೋಡಿಕೊಳ್ಳಿ. ನೋಂದಣಿ ಇಲ್ಲದ ಚೀಟಿಯಾದರೆ ಬೇಗ ಎತ್ತಲು ಇನ್ನೂ ಒಂದು ಕಾರಣ ಸಿಕ್ಕಿತು. ನಡೆಸುವವರು ಕೈಯೆತ್ತಿದರೆ ಮುಳುಗುವವರು ಕೊನೆವರೆಗೆ ಕಾದವರು.

ಎರಡು, ಅದೇ ಒಡವೆಯ ಮೇಲೆ ಇನ್ನಷ್ಟು ಸಾಲ. ಚಿನ್ನದ ಬೆಲೆ ಏರಿರುವುದರಿಂದ ಹಳೆ ಒಡವೆಗೇ ಬ್ಯಾಂಕು ಜಾಸ್ತಿ ಕೊಡಬಹುದು. ನೂರಕ್ಕೆ 36ರ ಸಾಲ 10ಕ್ಕೆ ಇಳಿಯುತ್ತದೆ, ಲೆಕ್ಕದಲ್ಲಿ ಇದೇ ಅಗ್ಗ. ಆದರೂ ನಾನು ಇದನ್ನು ಎರಡನೇ ಜಾಗದಲ್ಲಿ ಇಟ್ಟಿದ್ದೇನೆ. ಒಡವೆ ನಿಮ್ಮದಲ್ಲ, ನಿಮ್ಮ ಹೆಂಡತಿಯದು. ಎರಡು ಬೆಳೆ ಒಂದರ ಹಿಂದೆ ಒಂದು ಹೋದರೆ ಹರಾಜಿನ ನೋಟಿಸ್ ಬರುವುದು ಅವರ ಒಡವೆಗೆ. ಇನ್ನೊಂದು, ಹೀಗೆ ಕೈಸಾಲ ತೀರಿಸಿಕೊಂಡವರಲ್ಲಿ ಅನೇಕರು ವರ್ಷದೊಳಗೆ ಮತ್ತೆ ಅದೇ ಬಾಗಿಲಿಗೆ ಹೋಗುತ್ತಾರೆ. ಆಗ ಎರಡೂ ಸಾಲ ತಲೆ ಮೇಲೆ.

ಮೂರು, ಬೆಳೆ ಸಾಲ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗೆ ಬಡ್ಡಿ ನೂರಕ್ಕೆ 7, ಗಡುವಿನೊಳಗೆ ಕಟ್ಟಿದರೆ 4 ಮಾತ್ರ. ಹಸು ಸಾಕಣೆಗೂ ಇದು ಸಿಗುತ್ತದೆ. ಸಹಕಾರ ಸಂಘಗಳಲ್ಲಿ ಬಡ್ಡಿ ಇಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 5 ಲಕ್ಷಕ್ಕೆ ಏರಿಸಿತು. ಅಷ್ಟೂ ಎಲ್ಲರಿಗೂ ಸಿಗುತ್ತದೆ ಅಂದುಕೊಳ್ಳಬೇಡಿ, ನಿಮ್ಮ ಸಂಘದ ಶಕ್ತಿ, ನಿಮ್ಮ ಜಮೀನು ನೋಡಿ ಕೊಡುತ್ತಾರೆ. ಈ ದುಡ್ಡನ್ನು ಕೈಸಾಲಕ್ಕೆ ಕಟ್ಟುವಂತಿಲ್ಲ. ಇದು ಬೆಳೆಗೆಂದು ಕೊಡುವ ಸಾಲ. ಆದರೆ ಚಾಕಿ ಹುಳ, ಗೊಬ್ಬರ, ಕೂಲಿಯ ಖರ್ಚನ್ನು ಇದರಲ್ಲಿ ನಡೆಸಿದರೆ ಪ್ರತಿ ಬೆಳೆಗೂ ಕೈಯಿಂದ ಹಾಕುವ ದುಡ್ಡು ಬಿಡುವಾಗುತ್ತದೆ. ಗಡುವು ಒಂದು ದಿನ ಮೀರಿದರೂ ಬಡ್ಡಿ ರಿಯಾಯಿತಿ ಹೋಗುತ್ತದೆ. ತಾರೀಕನ್ನು ಹುಳದ ಮನೆ ಬಾಗಿಲ ಮೇಲೆ ಬರೆದಿಡಿ.

ನನ್ನನ್ನು ಕೇಳಿದರೆ, ಮೊದಲನೆಯದನ್ನು ಈಗಲೇ ಮಾಡಿ, ಮೂರನೆಯದಕ್ಕೆ ಸಂಘದಲ್ಲಿ ವಿಚಾರಿಸಿ. ಕೈಸಾಲ 80,000ಕ್ಕೆ ಇಳಿಯುತ್ತದೆ. ಆಮೇಲೆ ಪ್ರತಿ ಒಳ್ಳೆ ಬೆಳೆಗೆ 7,000 ಅಸಲು ಕಟ್ಟಿ. ಗೂಡಿನ ದುಡ್ಡು ಖಾತೆಗೆ ಬಿದ್ದ ದಿನವೇ, ಮನೆಗೆ ಹೋಗುವ ಮೊದಲು. ಐದು ಬೆಳೆಗೆ 35,000. ವರ್ಷದ ಕೊನೆಗೆ ಉಳಿಯುವುದು 45,000. ಅಷ್ಟರಲ್ಲಿ ಚೀಟಿ ಕಂತು ಮುಗಿದಿರುತ್ತದೆ, ಆ 5,000 ಇತ್ತ ತಿರುಗಿಸಿದರೆ ಒಂಬತ್ತು ತಿಂಗಳಲ್ಲಿ ಕೈಸಾಲ ಸೊನ್ನೆ. ಕೊಟ್ಟ ಪ್ರತಿ ಅಸಲಿಗೂ ಬರಹದಲ್ಲಿ ರಸೀದಿ ತಗೊಳ್ಳಿ, ಬಾಯಿ ಮಾತು ಬೇಡ. ಆಗುವುದಾದರೆ ಬ್ಯಾಂಕ್ ಮೂಲಕವೇ ಕಟ್ಟಿ. ಸಾಲ ಕೊಟ್ಟವರು ಅಸಲು ಬೇಡ, ಬಡ್ಡಿ ಕೊಟ್ಟುಕೊಂಡು ಹೋಗಿ ಸಾಕು ಅನ್ನಬಹುದು. ಅನ್ನುತ್ತಾರೆ ಕೂಡ. ಅವರಿಗೆ ನಿಮಗಿಂತ ಒಳ್ಳೆ ಬೆಳೆ ಬೇರೆ ಇಲ್ಲ.

ಪಕ್ಕಕ್ಕಿಟ್ಟ 10,000 ಯಾಕೆ ಎಂದು ಕೇಳಬಹುದು. ಸಪ್ಪೆ ರೋಗವೋ, ಹಾಲುತೊಂಡೆಯೋ, ಸುಣ್ಣಕಟ್ಟೋ ಬಂದು ಒಂದು ಬೆಳೆ ಹೋದಾಗ ಮುಂದಿನ ಚಾಕಿಗೆ ದುಡ್ಡು ಇರುವುದಿಲ್ಲ. ಮೂರು ರೂಪಾಯಿ ಬಡ್ಡಿಯವರು ನೆನಪಾಗುವುದೇ ಆಗ. ಈ ದುಡ್ಡು ಬೇರೆ ಖಾತೆಯಲ್ಲಿರಲಿ. ಅದರ ಎಟಿಎಂ ಕಾರ್ಡ್ ನಿಮ್ಮ ಜೇಬಿನಲ್ಲಿ ಬೇಡ, ಮನೆಯವರ ಹತ್ತಿರ ಇರಲಿ.

ಇದು ನನ್ನನ್ನು ಇನ್ನೊಂದು ವಿಷಯಕ್ಕೆ ತರುತ್ತದೆ. ನಿಮ್ಮ 11 ಗುರಿಗಳಲ್ಲಿ ಇಲ್ಲದ ಗುರಿ ಇದು: ಕೈಸಾಲ ಎಷ್ಟು ಅಂತ ಹೆಂಡತಿಗೆ ಹೇಳುವುದು. ಕಷ್ಟ, ಗೊತ್ತು. ಆದರೆ ಹಸುವಿನ ಹಾಲು ಕರೆಯುವವರು, ಹುಳಕ್ಕೆ ಅರ್ಧ ಸೊಪ್ಪು ಹಾಕುವವರು, ಒಡವೆ ಕೊಟ್ಟವರು ಅವರು. ಗೂಡು ಮಾರಿದ ದಿನ 7,000 ಎಲ್ಲಿ ಹೋಯಿತು ಎಂದು ಅವರು ಕೇಳಿದರೆ ಪ್ರತಿ ಸಲ ಒಂದು ಸುಳ್ಳು ಹೇಳಬೇಕಾಗುತ್ತದೆ. ನನ್ನ ಅನುಭವದಲ್ಲಿ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಸಾಲ ತೀರುವುದು ಬಹಳ ಅಪರೂಪ. ಒಂದು ಬೆಳೆ ಮುಗಿದು ಬಿಡುವಿರುವಾಗ, ಈ ಲೆಕ್ಕವನ್ನೇ ಕಾಗದದ ಮೇಲೆ ಬರೆದು ಮುಂದಿಡಿ. ಸಾಲ ಇದೆ ಅಂತ ಹೇಳುವುದಕ್ಕಿಂತ, ಸಾಲ ಇದೆ, ತೀರಿಸುವ ದಾರಿ ಹೀಗಿದೆ ಅಂತ ಹೇಳುವುದು ಸ್ವಲ್ಪ ಸುಲಭ.

ಭಾಮೈದನ ಟ್ರೇಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಕೈಹಾಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಜನ ಮೂರು ವರ್ಷಗಳಲ್ಲಿ ನಷ್ಟ ಮಾಡಿಕೊಂಡರು ಎಂದು ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಸಾಲದಲ್ಲಿರುವವರು ಅತ್ತ ತಲೆ ಹಾಕಬಾರದು. ಸೈಟನ್ನೂ ಈ ವರ್ಷದ ಪಟ್ಟಿಯಿಂದ ಅಳಿಸಿ.

ಅಳಿಸಬಾರದ್ದು ಒಂದಿದೆ, ವಿಮೆ. ನಿಮ್ಮ ಕೈಸಾಲ ಹುಟ್ಟಿದ್ದೇ ಆಸ್ಪತ್ರೆಯಲ್ಲಿ, ಅಲ್ವಾ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ನೂರಕ್ಕೆ 30 ಭಾಗ ಸರ್ಕಾರ ಕೊಡುತ್ತದೆ. ತುರ್ತು ಅಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದು ಗೊತ್ತಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕೈಯಿಂದ ಕಟ್ಟಿದವರು ಎಷ್ಟೋ ಜನ. ನೀವು ಹಾಲು ಉತ್ಪಾದಕರ ಸಂಘದ ಸದಸ್ಯರಾಗಿದ್ದರೆ ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಗೂ ಸೇರಬಹುದು. ನಡುವೆ ನಿಂತಿದ್ದ ಅದು ಮತ್ತೆ ಶುರುವಾದಾಗಿನಿಂದ ಹಳ್ಳಿ ಕಡೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ಇದೆ. ಹೆಸರು ಬರೆಸುವ ಕಾಲ ಮುಗಿದರೆ ಮುಂದಿನ ವರ್ಷವೇ, ಆದ್ದರಿಂದ ಡೈರಿ ಕಾರ್ಯದರ್ಶಿಯನ್ನು ಈ ವಾರವೇ ಕೇಳಿ. ಬ್ಯಾಂಕಿನಲ್ಲಿ ಇನ್ನೆರಡು: ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ. ಮೊದಲನೆಯದು ಯಾವ ಕಾರಣಕ್ಕೆ ಸಾವಾದರೂ, ಎರಡನೆಯದು ಅಪಘಾತದಲ್ಲಿ ಸಾವಾದರೆ ಮನೆಗೆ 2 ಲಕ್ಷ ಕೊಡುತ್ತವೆ. ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತ ಆಗುತ್ತದೆ. ಆಗ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ, ಯಾರೂ ಬಂದು ಹೇಳುವುದಿಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ.

ಆರೋಗ್ಯದ ವಿಷಯಕ್ಕೆ ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಮಾತೇ ಕೊನೆ. ಆದರೆ ಗುರಿ ಇಡುವ ರೀತಿಯ ಬಗ್ಗೆ ಹೇಳಬಲ್ಲೆ. ಮೂರು ತಿಂಗಳ ಶುಗರ್ ಟೆಸ್ಟಿನಲ್ಲಿ 5.7ರಿಂದ 6.4ರವರೆಗೆ ಬಂದರೆ ಸಕ್ಕರೆ ಕಾಯಿಲೆಯ ಮುಂಚಿನ ಹಂತ, 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಾಯಿಲೆ. ನಿಮ್ಮದು 6.1. ಬಾರ್ಡರ್ ಅಂದರೆ ಏನೂ ಇಲ್ಲ ಅಂತ ಅರ್ಥ ಅಲ್ಲ, ತಿರುಗಿ ಬರಲು ಇನ್ನೂ ದಾರಿ ಇದೆ ಅಂತ. ಇದೇ ಹಂತದಲ್ಲಿದ್ದವರನ್ನು ಚೆನ್ನೈನಲ್ಲಿ ಮೂರು ವರ್ಷ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸುಮ್ನೆ ಬಿಟ್ಟವರಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ 39. ಪವಾಡ ಏನೂ ಇಲ್ಲ, ಆದರೆ ಒಳ್ಳೆ ವ್ಯತ್ಯಾಸ. ಇದಕ್ಕೆ ಪುಡಿ ಬೇಕಾಗಲಿಲ್ಲ. ನಿಮ್ಮ ಸ್ನೇಹಿತರು ಹೇಳುವ ಪುಡಿಗೆ ತಿಂಗಳಿಗೆ 4,000 ಅಂದರೆ ವರ್ಷಕ್ಕೆ 48,000, ಹತ್ತಿರಹತ್ತಿರ ನಿಮ್ಮ ಕೈಸಾಲದ ಬಡ್ಡಿಯಷ್ಟು.

10 ಕೆಜಿ ಬೇಡ. ಮೊದಲ ಗುರಿ ನಾಲ್ಕರಿಂದ ಐದೂವರೆ ಕೆಜಿ ಇರಲಿ, ನಿಮ್ಮ ತೂಕದ ನೂರಕ್ಕೆ 5ರಿಂದ 7. ಅಷ್ಟಕ್ಕೇ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲು ಶುರುವಾಗುತ್ತದೆ. ನಡಿಗೆ ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅರ್ಧ ಗಂಟೆಯಂತೆ ಐದು ದಿನ. ಬೆಳಿಗ್ಗೆ 5 ಗಂಟೆಗೇ ಆಗಬೇಕೆಂಬ ಹಟ ಬಿಡಿ. ಸಂಜೆ ಡೈರಿಗೆ ಹಾಲು ಹಾಕಿ ಕ್ಯಾನು ಖಾಲಿಯಾದ ಮೇಲೆ ಅಲ್ಲಿಂದಲೇ ಅರ್ಧ ಗಂಟೆ ನಡೆದು ಮನೆಗೆ ಬನ್ನಿ. ಈಗಾಗಲೇ ತಪ್ಪದೆ ಮಾಡುವ ಕೆಲಸದ ಬಾಲಕ್ಕೆ ಹೊಸದನ್ನು ಕಟ್ಟಿದರೆ ನೆನಪಿಟ್ಟುಕೊಳ್ಳುವ ಕೆಲಸ ಇರುವುದಿಲ್ಲ. ಹುಳ ಕೊನೆಯ ಹಂತದಲ್ಲಿರುವ ವಾರ ವಾಕಿಂಗ್ ಬೇಡವೇ ಬೇಡ. ಸೊಪ್ಪು ಹೊರುವುದು ಸಾಕಷ್ಟು ವ್ಯಾಯಾಮ. ಆ ವಾರ ಬೇಕಾದದ್ದು ನಿದ್ದೆ. ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮರುದಿನದಿಂದ ಮತ್ತೆ ನಡೆಯಿರಿ.

ಊಟದಲ್ಲಿ ಒಂದು ಮಾತು, ನಮ್ಮ ಕಡೆಯವರಿಗೆ ಕೇಳಲು ಬೇಜಾರಾಗುವಂಥದ್ದು. ಮುದ್ದೆ ತಿಂದರೆ ಶುಗರ್ ಬರಲ್ಲ ಎನ್ನುವುದು ಅರ್ಧ ಸತ್ಯ. ರಾಗಿಯಲ್ಲಿ ನಾರು, ಸುಣ್ಣದಂಶ ಅಕ್ಕಿಗಿಂತ ತುಂಬಾ ಜಾಸ್ತಿ, ನಿಜ. ಆದರೆ ಅದರಲ್ಲೂ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ಎರಡು ದೊಡ್ಡ ಮುದ್ದೆ, ಮೇಲೆ ಒಂದು ತಟ್ಟೆ ಅನ್ನ ಅಂದರೆ ಲೆಕ್ಕ ತಪ್ಪಿತು. ಮುದ್ದೆ ಒಂದಿರಲಿ, ಸಾರಿನಲ್ಲಿರುವ ಕಾಳು, ಸೊಪ್ಪು ಎರಡರಷ್ಟು ಆಗಲಿ. ಜನವರಿಯಲ್ಲಿ ಅವರೆಕಾಯಿ ಇದೆ, ಬಸ್ಸಾರಿಗೆ ಸೊಪ್ಪಿದೆ, ಕಷ್ಟ ಏನಿಲ್ಲ. ಟೀ ಬಗ್ಗೆ ನೀವು ಬರೆದಿಲ್ಲ. ಹುಳದ ಮನೆಯಲ್ಲಿ ರಾತ್ರಿ ಎದ್ದವರು ಎಷ್ಟು ಟೀ ಕುಡಿಯುತ್ತಾರೆ ಎಂದು ನನಗೆ ಗೊತ್ತು. ಆರು ಟೀ, ಒಂದಕ್ಕೆ ಎರಡು ಚಮಚ ಅಂದರೆ 50 ಗ್ರಾಂ ಸಕ್ಕರೆ ಹತ್ತಿರ ಬರುತ್ತದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲ ಬೆಳೆಯಲ್ಲಿ ಒಂದು ಚಮಚಕ್ಕೆ ಇಳಿಸಿ, ಎರಡನೆಯದರಲ್ಲಿ ಅರ್ಧಕ್ಕೆ.

ಆ ಟೆಸ್ಟನ್ನು ಮೂರು ತಿಂಗಳಿಗೊಮ್ಮೆ ಮಾಡಿಸಬೇಕೋ ಆರಕ್ಕೊಮ್ಮೆಯೋ ಡಾಕ್ಟರನ್ನು ಕೇಳಿ. ಅದಕ್ಕಿಂತ ಬೇಗ ಮಾಡಿಸಿ ಪ್ರಯೋಜನ ಇಲ್ಲ, ಅದು ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ. ಬಿಪಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ನೋಡುತ್ತಾರೆ, ಅದನ್ನೂ ನೋಡಿಸಿ.

ಮಕ್ಕಳ ಮೇಲೆ ರೇಗುವುದು, ಮೊಬೈಲು, ಇವುಗಳಿಗೆ ಬೇರೆ ಗುರಿ ಬೇಕು ಎಂದು ನನಗೆ ಅನ್ನಿಸುವುದಿಲ್ಲ. ಯಾವ ವಾರ ರೇಗುತ್ತೀರಿ ಎಂದು ಗಮನಿಸಿ. ನಿದ್ದೆಗೆಟ್ಟ ವಾರ, ಇಲ್ಲವೇ ಬಡ್ಡಿ ಕೊಡುವ ವಾರ ಆಗಿರುತ್ತದೆ. ಈ ವಾರ ಅಪ್ಪನಿಗೆ ಹುಳದ ಕೆಲಸ ಜಾಸ್ತಿ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಅವರಿಗೆ ಅರ್ಥವಾಗುತ್ತದೆ, ಅವರೂ ಸೊಪ್ಪು ಹಾಕಿ ಬೆಳೆದವರೇ.

ಕೊನೆಗೆ, ಬೆಳೆ ಕೈ ಕೊಟ್ಟರೆ ಏನು ಮಾಡಬೇಕೆಂದು ಈಗಲೇ ನಿರ್ಧರಿಸಿಕೊಳ್ಳಿ. ಮೇಲಿನ ಲೆಕ್ಕದಲ್ಲಿ ಒಂದು ಕೆಟ್ಟ ಬೆಳೆಯನ್ನು ಆಗಲೇ ಬಿಟ್ಟಿದ್ದೇನೆ. ಎರಡನೆಯದೂ ಹೋದರೆ ಆ ಸಲ ಅಸಲು ಕಟ್ಟಬೇಡಿ, ಬಡ್ಡಿ ಮಾತ್ರ ಕಟ್ಟಿ. ಪಕ್ಕಕ್ಕಿಟ್ಟ 10,000ದಲ್ಲಿ ಮುಂದಿನ ಚಾಕಿ ತನ್ನಿ. ತಪ್ಪಿದ 7,000ವನ್ನು ಮುಂದಿನ ಬೆಳೆಗೆ ಸೇರಿಸಿ 14,000 ಕಟ್ಟಲು ಹೋಗಬೇಡಿ, ಅಲ್ಲಿಂದಲೇ ಮತ್ತೆ ಕೈಸಾಲ ಶುರುವಾಗುವುದು. ಮುಂದಿನ ಗೂಡು ಮಾರಿದ ದಿನ ಮತ್ತೆ 7,000 ಕಟ್ಟಿ, ಅಷ್ಟೆ. ಸಾಲ ತೀರುವುದು ಎರಡು ತಿಂಗಳು ತಡವಾಗುತ್ತದೆ.